ಬಾಂದಗಲ್ಲಿಗೆ ಮೈ ತಿಕ್ಕಿದ ಪ್ರಾಣಿ

ಅರಣ್ಯ ಇಲಾಖೆಯ ಗಾರ್ಡ್ ಶ್ರೀಶೈಲಪ್ಪನ ನಿವೃತ್ತಿಗೆ ಇನ್ನೂ ಎಂಟು ತಿಂಗಳಿತ್ತು. ಸಾವಿರದ ಒಂಬೈನೂರ ಎಪ್ಪತ್ತಾರರ ಬೇಸಿಗೆಯಲ್ಲಿ ಅವನು ಮುದ್ದೇಬಿಹಾಳದಿಂದ ತಂಗಡಗಿಗೆ ಬಂದದ್ದು ಒಂದು ಫೋಟೋದ ಸಲುವಾಗಿ. ಅಲ್ಲಿಗೆ ಮದುವೆಯ ಫೋಟೋ ತೆಗೆಯಲು ಹೋಗಿದ್ದ ಮುದ್ದೇಬಿಹಾಳದ ಫೋಟೋಗ್ರಾಫರ್ ಫಕೀರಸಾಬ ಹೊಳೆಯ ದಂಡೆಯಲ್ಲಿ ಕಂಡ ಪ್ರಾಣಿಯೊಂದನ್ನೂ ತೆಗೆದಿದ್ದ. ಅದನ್ನು ದೊಡ್ಡದು ಮಾಡಿ ತನ್ನ ಸ್ಟುಡಿಯೋದ ಬಾಗಿಲಿಗೆ ತೂಗುಹಾಕಿದ್ದೇ ತಡ, ಹುಲಿ ಬಂದಿದೆಯೆಂದು ಸುದ್ದಿಯಾಯಿತು. ಕುರುಬರು ಎಂಟು ದಿನದಿಂದ ಕುರಿಗಳನ್ನು ಹಟ್ಟಿಯಿಂದ ಬಿಟ್ಟಿರಲಿಲ್ಲ.

ಇಂಥ ಫೋಟೋ ಆ ವರ್ಷ ಇದು ನಾಲ್ಕನೆಯದು. ಶ್ರೀಶೈಲಪ್ಪ ಕುರುಬರ ಮಾಳಿಂಗಪ್ಪನ ಹಟ್ಟಿಯ ಮುಂದೆ ಕೂತು ಕನ್ನಡಕ ಒರೆಸಿಕೊಂಡು ನೋಡಿದ. ಮೈಮೇಲೆ ಚುಕ್ಕಿಯಿಲ್ಲ, ಪಟ್ಟೆಯಿಲ್ಲ. ಗಿಡ್ಡ ಬಾಲ, ತುದಿಗೆ ಕರಿ ಬಳೆ. ಪಕ್ಕದಲ್ಲೊಂದು ಬಾಂದಗಲ್ಲು, ಹೊಲದ ಗಡಿಗೆ ನೆಡುವಂಥದ್ದು.

"ಕಾಡಬೆಕ್ಕಿದು," ಅಂದ.

"ಇಷ್ಟು ದೊಡ್ಡ ಬೆಕ್ಕೇನ್ರಿ?" ಅಂದ ಮಾಳಿಂಗಪ್ಪ. "ನಮ್ಮ ಮರಿ ಒಂದು ಹೋಗೇತಿ."

ವಾದ ಮಾಡುವ ತ್ರಾಣ ಶ್ರೀಶೈಲಪ್ಪನಿಗಿರಲಿಲ್ಲ. ಜೊತೆಗೆ ಕರೆತಂದಿದ್ದ ಫಕೀರಸಾಬನನ್ನು ಎಬ್ಬಿಸಿಕೊಂಡು ಬಿಸಿಲಲ್ಲೇ ದಂಡೆಗೆ ನಡೆದ. ಮಾಳಿಂಗಪ್ಪನೂ ಹೆಂಡತಿ ರೇವವ್ವನೂ ಹಿಂದೆ ಬಂದರು. ಫೋಟೋದಲ್ಲಿದ್ದ ಆ ಕಲ್ಲು ಅಲ್ಲೇ ಇತ್ತು.

"ಪ್ರಾಣಿ ಈ ಕಲ್ಲಿಗೆ ಎಷ್ಟು ದೂರಿತ್ತು?"

"ಕಲ್ಲಿಗೇ ಮೈ ತಿಕ್ಕಾಕತ್ತಿತ್ರಿ," ಅಂದ ಫಕೀರಸಾಬ.

ಶ್ರೀಶೈಲಪ್ಪ ನರಳುತ್ತ ಮೊಣಕಾಲೂರಿ ಗೇಣು ಹಾಕಿದ. ಕಲ್ಲು ಮೂರು ಗೇಣು. ಫೋಟೋದಲ್ಲಿ ಪ್ರಾಣಿಯ ಬೆನ್ನು ಕಲ್ಲಿನ ಅರ್ಧಕ್ಕಿತ್ತು.

"ಒಂದೂವರೆ ಗೇಣಿನ ಹುಲಿ ಎಲ್ಲಿ ನೋಡೀರಿ?"

ಫಕೀರಸಾಬ ತಲೆ ತಗ್ಗಿಸಿದ. "ನಾ ಹುಲಿ ಅಂದಿಲ್ರಿ. ಮಂದಿ ಅಂದ್ರು, ನಾ ಸುಮ್ಮನಿದ್ದೆ."

"ಹಂಗಾದ್ರ ನಮ್ಮ ಮರಿ ಒಯ್ದದ್ದು ಯಾವುದ್ರಿ?" ರೇವವ್ವ ಕೇಳಿದಳು.

"ತೋಳ ಇರಬಹುದು, ನಾಯಿ ಇರಬಹುದು. ಗೊತ್ತಿಲ್ಲವ್ವ. ಫೋಟೋದಾಗ ಅದು ಇಲ್ಲ."

ಗೊತ್ತಿಲ್ಲವೆಂದ ಮೇಲೆಯೇ ಅವಳು ಅವನನ್ನು ನಂಬಿದಳು. ಎಲ್ಲರೂ ಹಟ್ಟಿಗೆ ಮರಳಿದಾಗ ಬಾಗಿಲಿಗಿಟ್ಟ ಮುಳ್ಳಿನ ಪಡಕು ಸರಿಸಿದಳು. ಗಂಡ ಬೇಡವೆಂದ.

"ಕುರಿ ಹಸಿದು ಒದರೂದು ಕೇಳಿ ಸಾಕಾಗೇತಿ," ಅಂದಳು ರೇವವ್ವ. "ಸಾಹೇಬ್ರ, ನೀವು ಮುಂದ ನಡೀರಿ."

ಬಸ್ಸಿನ ಹೊತ್ತಾಗಿತ್ತು, ಕಾಲು ಮರಗಟ್ಟಿದ್ದವು. ಶ್ರೀಶೈಲಪ್ಪ ಮತ್ತೆ ದಂಡೆಯ ಕಡೆ ತಿರುಗಿದ. ಬೆನ್ನ ಹಿಂದೆ ಮೂವತ್ತು ಕುರಿ. ಹಸಿರು ಕಂಡದ್ದೇ ಅವನನ್ನು ದಾಟಿ ಓಡಿದವು.

ದೂರದ ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕಿಕೊಂಡು ಹೋಯಿತು. ಅವನು ನೆಲಕ್ಕೆ ಕೂತು ಬೂಟು ಕಳಚಿದ. ಮಾಳಿಂಗಪ್ಪ ಇನ್ನೂ ಕೋಲು ಎತ್ತಿ ಹಿಡಿದು ಕಂಟಿಗಳನ್ನೇ ನೋಡುತ್ತಿದ್ದ.

"ಸಂಜೀತನಕ ಇಲ್ಲೇ ಇರ್ತೇನಿ," ಅಂದ ಶ್ರೀಶೈಲಪ್ಪ. "ಕೋಲು ಕೆಳಗಿಟ್ಟು ಕೂಡು."