ಅಳಿಯನ ಕೈಗೊಂದು ತೆಳು ಡಿಸ್ಕ್

ಮದುವೆಯಾದಾಗಿನಿಂದ ಅಳಿಯ ಮತ್ತು ಮಾವ ಮನಬಿಚ್ಚಿ ಮಾತಾಡಿದ್ದೇ ಇರಲಿಲ್ಲ. ಜಗಳವೇನೂ ಇರಲಿಲ್ಲ. "ಆರಾಮಾ ಅಳಿಯಂದ್ರೇ?" "ಆರಾಮು ಮಾವ, ನೀವು?" ಅಷ್ಟಾದ ಮೇಲೆ ಇಬ್ಬರೂ ಗೋಡೆ ನೋಡುತ್ತ ಕೂರುತ್ತಿದ್ದರು, ಹೆಂಗಸರು ಬಂದು ಕಾಪಾಡುವ ತನಕ.

ಅಳಿಯ ಸೋಫಾ ಕೆಲಸದವನು. ಹಳೆಯ ಸೋಫಾದ ಬಟ್ಟೆ ಬಿಚ್ಚಿ, ಸ್ಪ್ರಿಂಗು ಬಿಗಿದು, ಹೊಸ ಸ್ಪಂಜು ತುಂಬಿ ಹೊಲಿದುಕೊಟ್ಟರೆ ಅದರ ಒಡೆಯರೇ ಗುರುತು ಹಿಡಿಯಲು ತಡವರಿಸುತ್ತಿದ್ದರು. ಚಳಿಗಾಲದ ಒಂದು ಬೆಳಿಗ್ಗೆ ಸ್ಪಂಜು ಕೊಯ್ಯುವ ಕರೆಂಟಿನ ಚಾಕು ಜಾರಿ ಅವನ ಬಲಗೈಯನ್ನು ಸೀಳಿತು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ಗಾಯವೂ ಮಾಯಿತು. ಆದರೆ ಉಂಗುರದ ಬೆರಳು, ಕಿರುಬೆರಳು ಮಾತು ಕೇಳುವುದನ್ನು ಬಿಟ್ಟವು. ಮುಷ್ಟಿ ಕಟ್ಟಲು ಹೋದರೆ ಆ ಎರಡೂ ಅರ್ಧಕ್ಕೇ ನಿಂತು, ಈ ಕೈಗೂ ತಮಗೂ ಸಂಬಂಧವೇ ಇಲ್ಲವೆನ್ನುವಂತೆ ಚಾಚಿಕೊಂಡಿರುತ್ತಿದ್ದವು.

ವರ್ಕ್‌ಶಾಪನ್ನು ಪಾಲುದಾರ ನೋಡಿಕೊಳ್ಳುತ್ತಿದ್ದ. ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಬೆಳಿಗ್ಗೆ ಅವಳು ಹೊರಟರೆ ಮನೆಯಲ್ಲಿ ಇವನೊಬ್ಬನೇ. ಡಾಕ್ಟರು ಹೇಳಿದಂತೆ ಮೆತ್ತನೆಯ ಚೆಂಡನ್ನು ಹಿಸುಕುವುದು, ಕಿಟಕಿಯಲ್ಲಿ ಇಣುಕುವುದು, ಮತ್ತೆ ಹಿಸುಕುವುದು. ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡುವಾಗ ಅವನು ಬೇರೆ ಕಡೆ ಮುಖ ತಿರುಗಿಸುತ್ತಿದ್ದ.

ಇಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಮಾವ ಬಾಗಿಲು ತಟ್ಟಿದರು. ಹೆಗಲಲ್ಲಿ ಅಡ್ಡಪಟ್ಟಿಯ ಚೀಲ.

"ಅಳಿಯಂದ್ರೇ, ಈ ಚೀಲ ಹಿಡ್ಕೊಳೋಕೆ ಒಬ್ರು ಬೇಕಾಗಿತ್ತು. ಬಿಡುವಿದ್ರೆ ಬನ್ನಿ."

ಬಿಡುವಿಲ್ಲ ಅನ್ನಲು ಅವನ ಹತ್ತಿರ ಇನ್ನೇನಿತ್ತು? ಹೋದ.

ಮಾವ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಜೀವಮಾನವಿಡೀ ಲಿಫ್ಟಿನ ಬಾವಿಗಳ ಕತ್ತಲಲ್ಲಿ ಗ್ರೀಸು ಬಳಿದುಕೊಂಡಿದ್ದವರಿಗೆ ಈಗ ಬಯಲಿನ ಹುಚ್ಚು. ಊರಂಚಿನ ಪಾರ್ಕಿನಲ್ಲಿ ಅವರು ಆಡುತ್ತಿದ್ದದ್ದು ಡಿಸ್ಕ್ ಗಾಲ್ಫ್. ಆಟ ಕಷ್ಟದ್ದೇನಲ್ಲ. ಅಲ್ಲಲ್ಲಿ ಕಂಬಕ್ಕೆ ಕಬ್ಬಿಣದ ಬುಟ್ಟಿ ಕೂರಿಸಿ, ಮೇಲಿಂದ ಸರಪಳಿಗಳನ್ನು ಇಳಿಬಿಟ್ಟಿರುತ್ತಾರೆ. ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆಯುತ್ತ ಬಂದು ಕೊನೆಗೆ ಸರಪಳಿಗೆ ಬಡಿದು ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ದೂರಕ್ಕೆ ಒಂದು ಬಗೆಯ ಡಿಸ್ಕಾದರೆ ಬುಟ್ಟಿಯ ಹತ್ತಿರ ತಲುಪಿಸಲು, ಒಳಗೆ ಹಾಕಲು ಇನ್ನೊಂದು ಬಗೆ. ಅದಕ್ಕೆ ಪಟ್ಟರ್ ಎನ್ನುತ್ತಾರೆ.

ಮೊದಮೊದಲು ಅಳಿಯ ಚೀಲ ಹೊತ್ತುಕೊಂಡು ಹಿಂದೆ ಹಿಂದೆ ನಡೆದ. ಒಂದು ದಿನ ಮಾವ ಚೀಲದಿಂದ ತಮ್ಮ ಹಳೆಯ ಪಟ್ಟರ್ ತೆಗೆದು ಅವನ ಕೈಗಿಟ್ಟರು. ದಪ್ಪನೆಯದು, ಆಳವಾದ ಅಂಚಿನದು. ಉಜ್ಜಿ ಉಜ್ಜಿ ಬಣ್ಣ ಮಾಸಿತ್ತು.

"ಇಟ್ಕೊಳ್ಳಿ. ನನ್ನ ಕೈಗೆ ತುಂಬ ಆಗಿಬಂದಿದ್ದು. ಪಟ್ಟರ್ ಅಂದ್ರೆ ಕೈತುಂಬ ಇರ್ಬೇಕು. ಈಗಿನವರ ತೆಳ್ಳನೆ ಸಾಮಾನೆಲ್ಲ ನಂಗೆ ಹಿಡಿಸಲ್ಲ."

ಮಾವ ಅವನಿಗಾಗಿ ಅಂಗಡಿಯಿಂದ ತಂದದ್ದು ಬೇಕಾದಷ್ಟಿತ್ತು, ತಮ್ಮದೇ ವಸ್ತುವೊಂದನ್ನು ಕೊಟ್ಟದ್ದು ಇದೇ ಮೊದಲು. ಆದರೆ ಆ ದಪ್ಪ ಅಂಚನ್ನು ಸುತ್ತಿ ಹಿಡಿಯಲು ನಾಲ್ಕು ಬೆರಳೂ ಮಡಚಬೇಕು. ಅವನಿಗೆ ಮಡಚುತ್ತಿದ್ದವು ಎರಡು. ಎಸೆದಾಗಲೆಲ್ಲ ಅಂಚು ಗಾಯದ ಗೆರೆಗೆ ಒತ್ತಿ ಮೊಣಕೈ ತನಕ ಚುಳುಕ್ ಎನ್ನುತ್ತಿತ್ತು. ಸಂಜೆ ಕೈ ಊದಿಕೊಂಡರೆ ಹೆಂಡತಿ ಐಸು ಸುತ್ತಿದ ಟವೆಲ್ ಹಿಡಿಯುತ್ತಿದ್ದಳು.

"ಅಪ್ಪನ ಹತ್ರ ಹೇಳಬಾರ್ದೇನ್ರೀ?"

"ಏನಂತ ಹೇಳ್ಲಿ? ನೀವು ಪ್ರೀತಿಯಿಂದ ಕೊಟ್ಟಿದ್ದು ನಂಗೆ ಚುಚ್ಚುತ್ತೆ ಅಂತಾನಾ?"

"ಒಳ್ಳೆ ಕತೆ. ಅವರು ಕೊಡೋರು, ನೀವು ಸಹಿಸ್ಕೊಳ್ಳೋರು. ನಡುವೆ ಐಸ್ ಹಿಡಿಯೋಳು ನಾನು."

ಅವನು ಹೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಡಿಸ್ಕ್ ಕೈಯಿಂದ ಜಾರಿ ಮುಂದೆ ಹೋಗುವ ಬದಲು ಹಿಂದಕ್ಕೆ ಹಾರಿ, ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರ ಕಾಲಿನ ಬುಡಕ್ಕೆ ಬಿತ್ತು. ಅವರು ನಕ್ಕು ಅದನ್ನು ವಾಪಸ್ ಕೊಟ್ಟರು. ಅಳಿಯ ನಗಲಿಲ್ಲ.

"ಸಾಕು ಮಾವ. ಇದು ನನ್ನಿಂದಾಗೋ ಕೆಲಸ ಅಲ್ಲ. ನಾಳೆಯಿಂದ ಬರಲ್ಲ."

ಮಾವ ಅವನ ಕೈಯನ್ನೇ ಒಂದು ಗಳಿಗೆ ನೋಡಿ, ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡು ನಡೆದರು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆ ವಾರವೆಲ್ಲ ಸುದ್ದಿಯೇ ಇಲ್ಲ. ಮನಸ್ಸಿಗೆ ನೋವಾಗಿರಬೇಕು ಎಂದುಕೊಂಡು ಅಳಿಯ ಒಳಗೊಳಗೇ ಕುದಿದ. ಅತ್ತೆಗೆ ಫೋನು ಮಾಡಿದರೆ, "ಬೆಳಿಗ್ಗೆ ಎದ್ದು ಎಲ್ಲೋ ಹೋಗ್ತಾರಪ್ಪ, ಕೇಳಿದ್ರೆ ಕೆಲಸ ಇದೆ ಅಂತಾರೆ. ನಿವೃತ್ತಿ ಆದೋರಿಗೆ ಎಂಥ ಕೆಲಸವೋ!" ಎಂದರು.

ಕೊನೆಗೆ ಮಾವನದೇ ಫೋನು ಬಂತು. "ಅಳಿಯಂದ್ರೇ, ಆಟದ ಸಾಮಾನಿನ ಅಂಗಡಿ ಹತ್ರ ಬನ್ನಿ." ಅಷ್ಟೇ.

ಆ ಅಂಗಡಿ ಉದ್ದನೆಯ ಓಣಿಯಂತಿತ್ತು. ಎರಡೂ ಬದಿಯ ಡಬ್ಬಗಳಲ್ಲಿ ಡಿಸ್ಕುಗಳನ್ನು ಅಂಚು ಮೇಲಾಗಿ ಜೋಡಿಸಿದ್ದರು. ಕೊನೆಯ ಗೋಡೆಗೆ ತಾಗಿ ಒಂದು ಬುಟ್ಟಿ. ಅಂಗಡಿ ನಡೆಸುವ ಹೆಂಗಸು ಅಳಿಯನನ್ನು ಕಂಡದ್ದೇ ಹಳೇ ಪರಿಚಯದವನನ್ನು ಕಂಡಂತೆ ನಕ್ಕಳು. ಮಾವ ಗಲ್ಲಾದ ಪಕ್ಕ ಮೂರು ಡಿಸ್ಕುಗಳನ್ನು ಇಟ್ಟುಕೊಂಡು ನಿಂತಿದ್ದರು. ಮೂರೂ ತೆಳ್ಳನೆಯವು, ತಗ್ಗು ಅಂಚಿನವು. ತಾವು ಮೂಗು ಮುರಿಯುತ್ತಿದ್ದ ಜಾತಿಯವೇ.

"ಕಣ್ಣು ಮುಚ್ಚಿ ಹಿಡೀರಿ. ಬಣ್ಣ ನೋಡಿ ಮರುಳಾಗೋದು ಬೇಡ."

ಮೊದಲನೆಯದು ಗಟ್ಟಿ ಪ್ಲಾಸ್ಟಿಕ್ಕಿನದು. ಹಿಡಿತಕ್ಕೇನೋ ಸಿಕ್ಕಿತು, ಆದರೆ ಗಾಜಿನಂತೆ ನುಣುಪು, ಬೆವರಿದರೆ ನಿಲ್ಲುವಂತಿರಲಿಲ್ಲ. ಎರಡನೆಯದು ಮೆತ್ತಗಿತ್ತು, ಆದರೆ ಅಂಚಿನ ಕೆಳಗೆ ಸುತ್ತಲೂ ಉಬ್ಬಿದ ಒಂದು ದಿಂಡು ಓಡಿತ್ತು. ಅದು ನೇರ ಗಾಯದ ಮೇಲೇ ಬಂದು ಕೂತಿತು. ಅಳಿಯ ಹುಬ್ಬು ಗಂಟಿಕ್ಕಿದ. ಮಾವ ಕೇಳದೆಯೇ ಅದನ್ನು ಎತ್ತಿಕೊಂಡು ಮೂರನೆಯದನ್ನು ಇಟ್ಟರು.

ಅದಕ್ಕೆ ದಿಂಡಿರಲಿಲ್ಲ. ಮೇಲ್ಭಾಗ ಚಪ್ಪಟೆ, ಮೈ ಸ್ವಲ್ಪ ಅಂಟಂಟು. ಹೆಬ್ಬೆರಳು ಮೇಲೆ ಮಲಗಿತು, ತೋರುಬೆರಳು ಮಧ್ಯದ ಬೆರಳು ಅಂಚನ್ನು ಹಿಡಿದವು, ಕೆಲಸ ಮಾಡದ ಎರಡು ಬೆರಳು ಕೆಳಗೆ ಚಾಚಿಕೊಂಡೇ ಡಿಸ್ಕಿಗೆ ಆಸರೆ ಕೊಟ್ಟವು. ಅವನ್ನು ಯಾರೂ ಮಡಚು ಎನ್ನಲಿಲ್ಲ. ಎಲ್ಲೂ ನೋವಿಲ್ಲ. ಅಳಿಯ ಕಣ್ಣು ಬಿಟ್ಟ.

"ಇದು," ಎಂದ.

"ಹಾಕಿ ನೋಡಿ ಮತ್ತೆ," ಎಂದರು ಮಾವ.

ಎಸೆದ. ಮೊದಲ ಎಸೆತ ಬುಟ್ಟಿಯ ಅಂಚಿಗೆ ಬಡಿದು ಬಿತ್ತು. ಇನ್ನೊಮ್ಮೆ ಎಸೆದಾಗ ಸರಪಳಿ ಝಲ್ ಎಂದಿತು. ಮಾವ ಸದ್ದಿಲ್ಲದೆ ಮೂಗೊರೆಸಿಕೊಂಡು, "ಗಾಡಿ ಅಡ್ಡ ನಿಲ್ಲಿಸಿದ್ದೀನಿ, ತೆಗೆದು ಬರ್ತೀನಿ" ಎಂದು ಹೊರಗೆ ಹೋದರು.

ಅಂಗಡಿಯವಳು ಡಿಸ್ಕನ್ನು ಬಟ್ಟೆಯಲ್ಲಿ ಒರೆಸುತ್ತ, "ನಿಮ್ಮ ಮಾವ ದಿನಾ ಬೆಳಿಗ್ಗೆ ನಾನು ಬಾಗಿಲು ತೆಗೆಯೋಕೆ ಮುಂಚೆನೇ ಇಲ್ಲಿರ್ತಿದ್ರು, ಗೊತ್ತಾ?" ಎಂದಳು. "ಬಲಗೈಯ ಎರಡು ಬೆರಳಿಗೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಟೇಪು ಸುತ್ಕೊಂಡು ಬರೋರು. ಇರೋ ಪಟ್ಟರ್ ಎಲ್ಲ ಒಂದೊಂದೇ ಹಿಡಿದು ಎಸೆಯೋರು. ಪಾಪ, ಬೆರಳಿಗೆ ಏನಾಯ್ತು ಸಾರ್ ಅಂತ ಕೇಳ್ದೆ. 'ಇದು ನನ್ನ ಕೈ ಅಲ್ಲಮ್ಮ, ನನ್ನ ಅಳಿಯನ ಕೈ' ಅಂದ್ರು."

ಅಳಿಯ ಗಲ್ಲಾದ ಅಂಚನ್ನು ಹಿಡಿದುಕೊಂಡು ನಿಂತ.

ಕಾರಿನಲ್ಲಿ ಸ್ಟೇರಿಂಗಿನ ಮೇಲಿದ್ದ ಮಾವನ ಕೈ ನೋಡಿದ. ಎರಡು ಬೆರಳ ಮೇಲೆ ಟೇಪಿನ ಅಂಟು ಕಪ್ಪಾಗಿ ಉಳಿದಿತ್ತು. ಥ್ಯಾಂಕ್ಸ್ ಎನ್ನೋಣವೆಂದರೆ, ಮನೆಯವರಿಗೆ ಅದನ್ನು ಹೇಳಿದರೆ ಅವರನ್ನು ನೆಂಟರ ಸಾಲಿನಲ್ಲಿ ಕೂರಿಸಿದಂತಾಗುತ್ತದಲ್ಲ. ಬೇರೆ ಮಾತು ಬಾಯಿಗೆ ಬಂತು.

"ಮಾವ, ನೋಯ್ತಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು? ನಿಮ್ಮ ಮಗಳು ಹೇಳಿದ್ಳಾ?"

"ಅವಳೇನು ಹೇಳ್ಲಿಲ್ಲ. ಲಿಫ್ಟೇನು ಬಾಯಿಬಿಟ್ಟು ಹೇಳುತ್ತಾ, ನಂಗೆ ಇಲ್ಲಿ ಹಿಡ್ಕೊಂಡಿದೆ ಅಂತ? ಸದ್ದು ಕೇಳಿ ತಿಳ್ಕೋಬೇಕು. ನೀವು ಎಸೆಯೋ ಮುಂಚೆ ಉಸಿರು ಬಿಗಿ ಹಿಡೀತಿದ್ರಿ. ನಾನು ಅದನ್ನ ಗಮನ ಕೊಟ್ಟು ಆಡ್ತಾರೆ ಅಂದ್ಕೊಂಡಿದ್ದೆ, ದಡ್ಡ." ಮಾವ ಗೇರು ಬದಲಿಸಿದರು. "ಆ ಟೇಪು ಸುತ್ಕೊಂಡು ಒಂದು ಗುಂಡಿ ಹಾಕ್ಕೊಳೋಕೆ ನೋಡಿದೆ ಅಳಿಯಂದ್ರೇ. ಆಗ್ಲಿಲ್ಲ. ನಿಮ್ಮತ್ತೆನ ಕರೀಬೇಕಾಯ್ತು."

ಅಳಿಯ ನಕ್ಕ. ನಗುತ್ತ ನಗುತ್ತ ಕಣ್ಣು ತೇವವಾಯಿತು. ಮಾವ ಅದನ್ನು ನೋಡದವರಂತೆ ರಸ್ತೆಯನ್ನೇ ನೋಡುತ್ತಿದ್ದರು.

ಪಾರ್ಕಿನಲ್ಲಿ ಅಂದು ಎದುರುಗಾಳಿ. ದಿಬ್ಬದ ತುದಿಯಲ್ಲೊಂದು ಬುಟ್ಟಿ, ಅದರ ಹಿಂದೆ ಕಡಿದಾದ ಇಳಿಜಾರು. ಎಸೆತ ಸ್ವಲ್ಪ ಹೆಚ್ಚಾದರೂ ಡಿಸ್ಕ್ ಉರುಳಿಕೊಂಡು ಪೊದೆ ಸೇರುತ್ತದೆ. ಮಾವ ತಮ್ಮ ದಪ್ಪ ಪಟ್ಟರ್ ಎಸೆದರು. ಗಾಳಿ ಅದನ್ನು ಮೇಲಕ್ಕೆತ್ತಿ, ಆಡಿಸಿ, ಆಚೆ ಇಳಿಜಾರಿಗೆ ಒಯ್ದು ಹಾಕಿತು. ಅಳಿಯನ ಸರದಿ. ಉಸಿರು ಬಿಗಿ ಹಿಡಿಯಲಿಲ್ಲ. ತೆಳು ಡಿಸ್ಕ್ ಗಾಳಿಯ ಕೆಳಗೆ ನುಸುಳಿದಂತೆ ನೇರ ಹೋಗಿ, ಹುಲ್ಲಿನ ಮೇಲೆ ಚಪ್ಪಟೆಯಾಗಿ ಇಳಿದು, ಒಂದಿಷ್ಟು ಜಾರಿ, ಬುಟ್ಟಿಯ ಹತ್ತಿರವೇ ನಿಂತಿತು.

"ಅಬ್ಬಾ!" ಎಂದರು ಮಾವ. "ಇಲ್ಲಿ ಕೊಡಿ ಒಂದ್ಸಲ." ಅಳಿಯ ತಂದುಕೊಟ್ಟ ಅದೇ ಡಿಸ್ಕನ್ನು ತಾವೂ ಎಸೆದರು. ಅವರ ಅಗಲ ಕೈಯಲ್ಲಿ ಅದು ಪಲ್ಟಿ ಹೊಡೆದು ನೆಲಕ್ಕೆ ಕುಕ್ಕರಿಸಿತು. "ಇಲ್ಲಪ್ಪ, ಇದು ನಿಮ್ಮದೇ," ಎಂದು ವಾಪಸ್ ಕೊಟ್ಟರು.

ಆಗ ಅಳಿಯ ಹೇಳಿಯೇಬಿಟ್ಟ. "ಮಾವ, ತುಂಬ ಥ್ಯಾಂಕ್ಸ್. ನೀವು ಅವತ್ತು ಬಾಗಿಲು ತಟ್ಟದೆ ಇದ್ದಿದ್ರೆ ನಾನು ಇನ್ನೂ ಆ ಕಿಟಕಿ ಹತ್ರಾನೇ ಇರ್ತಿದ್ದೆ."

ಮಾವನ ಕಿವಿ ಕೆಂಪಾಯಿತು. "ಸರಿ ಸರಿ. ಮೊದಲು ಅದನ್ನ ಬುಟ್ಟಿಗೆ ಹಾಕಿ," ಎಂದು ತಮ್ಮ ಡಿಸ್ಕ್ ಹುಡುಕುವ ನೆಪದಲ್ಲಿ ಇಳಿಜಾರಿಗೆ ಇಳಿದರು. ಪೊದೆಯ ಹಿಂದಿನಿಂದ ಅವರು ಹಾಡು ಗುನುಗುವುದು ಕೇಳಿಸಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಅಳಿಯ ವರ್ಕ್‌ಶಾಪಿಗೆ ಮರಳಿದ. ಕತ್ತರಿಯ ಹಿಡಿಗೆ ಸ್ಪಂಜು ಸುತ್ತಿ ತೆಳುಮಾಡಿ, ದಪ್ಪಮಾಡಿ, ಎರಡು ಬೆರಳಿಗೆ ಒಗ್ಗುವ ಅಳತೆಯನ್ನು ತಾನೇ ಕಂಡುಕೊಂಡ. ಹೊಲಿಗೆ ಮೊದಲಿನ ಹಾಗೆ ಬೇಗ ಸಾಗುತ್ತಿರಲಿಲ್ಲ, ಆದರೆ ಸಾಗುತ್ತಿತ್ತು. ಅವನು ಮೊದಲು ಎತ್ತಿಕೊಂಡ ಕೆಲಸ ಅತ್ತೆಯ ಮನೆಯ ಕುಳಿಬಿದ್ದ ಆರಾಮಕುರ್ಚಿ. ಮಾವ ಬೇಡ ಬೇಡ ಎನ್ನುತ್ತಿದ್ದರೂ ಕೇಳದೆ ಹೊತ್ತುಕೊಂಡು ಹೋಗಿ, ಬಿಚ್ಚಿ, ಹೊಸ ಬಟ್ಟೆ ಹಾಕಿ ತಂದಿಟ್ಟ.

ಮಾವ ಅದರಲ್ಲಿ ಕೂತು ಹಿಂದಕ್ಕೊರಗಿದರು. ಕೈಯಿಡುವ ಜಾಗದ ಹೊಲಿಗೆಯನ್ನು ಬೆರಳಿಂದ ಸವರಿ ನೋಡಿದರು. ಹೇಗಿದೆ ಎಂದು ಕೇಳಲು ಅಳಿಯ ಬಾಯಿ ತೆರೆಯುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಅವನು ಟೀವಿಯ ಸದ್ದು ತಗ್ಗಿಸಿ, ಅಡುಗೆಮನೆಗೆ ಹೋಗಿ, ಅತ್ತೆ ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒರೆಸತೊಡಗಿದ.