ಬಾಣಂತಿ ಕೋಣೆಯ ಗೋಡೆ

ಮೊಮ್ಮಗ ದಿನ ತುಂಬುವ ಮೊದಲೇ ಹುಟ್ಟಿ, ಬಳ್ಳಾರಿಯ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಪ್ಪತ್ತು ದಿನ ಉಸಿರಿಗಾಗಿ ಹೆಣಗಿದ್ದ. ಅಷ್ಟು ದಿನವೂ ಹೊನ್ನೂರಮ್ಮನಿಗೆ ಅಳು ಬಂದಿರಲಿಲ್ಲ. ಈಗ ಮಗಳು ಅಂಜನಾ ಕೂಸಿನೊಂದಿಗೆ ಕುರುಗೋಡಿನ ತವರಿಗೆ ಬರುತ್ತಾಳೆಂದರೂ ನಗು ಬರಲಿಲ್ಲ. ಸುಮ್ಮನೆ ಅಕ್ಕಿ ಆರಿಸುತ್ತ ಕೂತಿದ್ದಳು.

ಸಿರುಗುಪ್ಪದ ಬೀಗರ ಕಣ್ಣಿಗೆ ಚಂದ ಕಾಣಲೆಂದು ಗಂಡ ಮರಿಬಸಪ್ಪ ಬಾಣಂತಿ ಕೋಣೆಗೆ ಫಳಫಳ ಹೊಳೆಯುವ ಆಯಿಲ್ ಪೇಂಟ್ ತಂದಿದ್ದ. ಪೇಂಟರ್ ಅಶ್ಫಾಕ್ ಡಬ್ಬಿ ತೆರೆದವನು ಕೇಳಿದ: "ಇಲ್ಲಿ ಯಾರು ಮಲಗ್ತಾರ ಅಕ್ಕಾ?"

"ಬಾಣಂತಿ, ಕೂಸು. ಗಾಳಿ ತಾಗಬಾರದಂತ ಕಿಟಕಿ ಮುಚ್ಚೇ ಇಡ್ತೀವಿ."

ಅವನು ಮುಚ್ಚಳ ಮತ್ತೆ ಒತ್ತಿದ. "ಇದರ ಘಾಟು ವಾರಗಟ್ಲೆ ಹೋಗಂಗಿಲ್ಲ. ಕಿಟಕಿ ಮುಚ್ಚಿದ್ರ ಕೂಸಿನ ಎದಿಗೇ ಇಳೀತೈತಿ. ಸುಣ್ಣ ಹೊಡಿತೀನಿ, ಘಾಟು ಇರಂಗಿಲ್ಲ."

"ಸುಣ್ಣಾನ? ಬೀಗರು ದನದ ಕೊಟ್ಟಿಗಿ ಅಂತ ನಗ್ತಾರ ಲೇ!" ಮರಿಬಸಪ್ಪ ರೇಗಿದ.

"ನಗಲಿ ಬಿಡ್ರಿ," ಎಂದಳು ಹೊನ್ನೂರಮ್ಮ, ಅಕ್ಕಿಯಿಂದ ಕಣ್ಣೆತ್ತದೆ. "ಸುಣ್ಣನ ಹೊಡಿಯಪ್ಪಾ."

ಗೋಡೆ ಚೆನ್ನಾಗಿ ಒಣಗಿದ ಮೇಲೆ ಕೂಸು ಬಂತು. ಜೊತೆಗೆ ಬಂದ ಬೀಗತಿ ಗೋಡೆಗೆ ಬೆರಳು ಸವರಿ, ಅಂಟಿದ ಬಿಳುಪು ನೋಡಿ, "ಬಣ್ಣದ ಅಂಗಡಿ ಮುಚ್ಚಿತ್ತೇನ್ರಿ?" ಎಂದು ಚುಚ್ಚಿದಳು.

ಹೊನ್ನೂರಮ್ಮ ಮಗಳ ಕಿವಿಗೆ ಸ್ಕಾರ್ಫ್ ಬಿಗಿದು, ಕೂಸಿನ ಉಸಿರಿಗೆಂದು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಳು. "ಅಯ್ಯ, ಬಾಣಂತಿಗೆ ಗಾಳಿ!" ಎಂದು ಬೀಗತಿ ಕೂಗಿದರೂ ಮುಚ್ಚಲಿಲ್ಲ. ಕೂಸಿನ ಎದೆಯ ಬಳಿ ಕಿವಿಯಿಟ್ಟಳು. ಉಸಿರು ತಡೆಯಿಲ್ಲದೆ ಹೋಗಿ ಬರುತ್ತಿತ್ತು. ಆಗಲೂ ಅಳು ಬರಲಿಲ್ಲ. ಎದ್ದುಹೋಗಿ ಅನ್ನಕ್ಕೆ ಎಸರಿಟ್ಟಳು.