ಏರದ ದನಿ

ಕೂಲಿ ಕಡಿತಕ್ಕೆ ಒಪ್ಪುವುದೋ, ಮುಷ್ಕರ ಹೂಡುವುದೋ? ಇವತ್ತೇ ತೀರ್ಮಾನವಾಗಬೇಕೆಂದು ಅಮೆರಿಕದ ಒಮಾಹಾ ಊರಿನ ಮಾಂಸದ ಕಾರ್ಖಾನೆಯ ಕೆಲಸಗಾರರು ಯೂನಿಯನ್ ಹಾಲಿನಲ್ಲಿ ಕಿಕ್ಕಿರಿದಿದ್ದರು. ಮಾಲೀಕರು ಪತ್ರಿಕೆಯಲ್ಲಿ ಹೊಸ ಆಳುಗಳಿಗೆ ಜಾಹೀರಾತು ಕೊಟ್ಟಾಗಿತ್ತು. ಇನ್ನೂ ಒಬ್ಬನೂ ಕೆಲಸ ನಿಲ್ಲಿಸಿರಲಿಲ್ಲ! ಮುಷ್ಕರ ಹೂಡಿದ ವಿಮಾನ ಸಂಚಾರ ನಿಯಂತ್ರಕರನ್ನು ಸರ್ಕಾರವೇ ಸಾರಾಸಗಟಾಗಿ ಮನೆಗೆ ಕಳಿಸಿದ ಮೇಲೆ ಧಣಿಗಳಿಗೆ ಇನ್ನೆಲ್ಲಿಯ ಅಂಜಿಕೆ?

ಹಾಗೆ ಮನೆಗೆ ಹೋದವರಲ್ಲಿ ವೆಂಡೆಲ್ ಹ್ರುಸ್ಕಾನೂ ಒಬ್ಬ. ರಾಡಾರ್ ಮುಂದೆ ಕೂತು ವಿಮಾನಗಳಿಗೆ ದಾರಿ ಹೇಳುತ್ತಿದ್ದವನು ಈಗ ಹೆಂಡತಿ ಡೊರೀನ್ ಜೊತೆ ಇದೇ ಕಾರ್ಖಾನೆಯಲ್ಲಿ ಹಂದಿ ಕೊಯ್ಯುತ್ತಿದ್ದ.

"ವೆಂಡೆಲ್, ನೀನೊಂದು ಮಾತಾಡಪ್ಪ," ಎಂದ ಯೂನಿಯನ್ ಅಧ್ಯಕ್ಷ ಆರ್ಲೋ. "ಇವತ್ತು ಬಗ್ಗಿದ್ರೆ ನಮ್ಮ ಯೂನಿಯನ್ ಇದ್ದೂ ಸತ್ತಂಗೆ."

ವೆಂಡೆಲ್ ಎದ್ದ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆದರೆ ಹಳೆಯ ಕೆಲಸದ ಕಟ್ಟಳೆ ಮೈಗಂಟಿಬಿಟ್ಟಿತ್ತು: ಅಪಾಯ ಹೆಚ್ಚಿದಷ್ಟೂ ದನಿ ತಣ್ಣಗಿರಬೇಕು. ಇವನ ದನಿ ನಡುಗಿದರೆ ಅಲ್ಲಿ ಪೈಲಟ್‌ನ ಕೈ ನಡುಗುತ್ತದೆ.

"ಇವತ್ತು ಒಪ್ಕೊಂಡ್ರೆ ವರ್ಷಾ ವರ್ಷಾ ಕೂಲಿ ಕಡಿತಾರೆ. ವಿಮಾನ ನಿಲ್ದಾಣದ ಮುಷ್ಕರದಲ್ಲಿ ನಮ್ಮ ಜೊತೆ ಯಾರೂ ನಿಲ್ಲಲಿಲ್ಲ. ನೀವು ಒಟ್ಟಿಗೆ ನಿಲ್ಲಿ. ಮುಷ್ಕರ ಮಾಡಿ."

ಹವಾಮಾನ ವರದಿ ಓದಿದ ಹಾಗಿತ್ತು.

"ಏನಯ್ಯಾ, ಸಾವಿನ ಸುದ್ದಿ ಹೇಳ್ತಿದ್ದೀಯಾ?" ಎಂದು ಹಿಂದಿನ ಸಾಲಿನವನೊಬ್ಬ ಕೂಗಿದ.

"ಜೋರಾಗಿ ಹೇಳೋ ಮಾರಾಯ!" ಆರ್ಲೋ ಅಂಗಲಾಚಿದ.

ವೆಂಡೆಲ್ ಮತ್ತೆ ಹೇಳಿದ. ಭಯ ಏರಿದಷ್ಟೂ ದನಿ ಇನ್ನಷ್ಟು ಇಳಿಯಿತು. ಹಾಳಾದ್ದು, ಒಂದೇ ಒಂದು ಸಲ ಕಿರುಚಬಾರದೇ!

"ಅವನಿಗೇ ನಂಬಿಕೆ ಇಲ್ಲ, ನೋಡ್ರೋ," ಎಂದ ಇನ್ನೊಬ್ಬ.

ಆರ್ಲೋ ಹಣೆಯ ಬೆವರು ಒರೆಸಿಕೊಂಡ. "ಸರಿ. ಮುಷ್ಕರ ಬೇಕು ಅನ್ನೋರು ಎದ್ದು ನಿಂತ್ಕೊಳ್ಳಿ."

ಅಲ್ಲೊಂದು ಇಲ್ಲೊಂದು ಕುರ್ಚಿ ಕಿರುಗುಟ್ಟಿತು. ಉಳಿದವರು ವೆಂಡೆಲ್‌ನನ್ನೊಮ್ಮೆ ನೋಡಿ ತಲೆ ತಗ್ಗಿಸಿದರು. ಎಲ್ಲ ಕಳೆದುಕೊಂಡವನು ಕಣ್ಣೆದುರೇ ನಿಂತಿರುವಾಗ ಬೇರೆ ಭಾಷಣ ಯಾಕೆ ಬೇಕು?

ಅವನು ಪಕ್ಕಕ್ಕೆ ತಿರುಗಿದ. ಅವತ್ತು ವಿಮಾನ ನಿಲ್ದಾಣದ ಗೇಟಿನಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗಿದ್ದ ಡೊರೀನ್ ಈಗ ಎರಡೂ ಕೈಯಲ್ಲಿ ಕುರ್ಚಿಯನ್ನು ಹಿಡಿದು ಕೂತಿದ್ದಳು.

"ಡೊರೀನ್, ಏಳು."

ಅವಳು ತಲೆಯೆತ್ತಲಿಲ್ಲ.

"ಕೆಲಸ ಹೋದ ದಿನ ಮನೆಗೆ ಬಂದು 'ಎಲ್ಲಾ ಸರಿಹೋಗುತ್ತೆ' ಅಂದೆಯಲ್ಲ, ಆಗಲೂ ಇದೇ ದನಿ, ವೆಂಡೆಲ್," ಎಂದಳು. "ನಾನು ನಂಬಿಬಿಟ್ಟಿದ್ದೆ."